ದೋಷದ ಹಸ್ತಾಂತರ: ಹಳೆಯ ಕಾರು ಮತ್ತು ಮಾರುವವನ ಮೌನ

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವನು ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹಲ್ಲಿನಿಂದ ವಯಸ್ಸು ತಿಳಿಯುತ್ತದೆ, ನಡಿಗೆಯಿಂದ ಕುಂಟು ತಿಳಿಯುತ್ತದೆ. ಆದರೆ ಉಳುಮೆಯ ನಡುವೆ ನೊಗ ಹೊತ್ತಂತೆಯೇ ಮಲಗಿಬಿಡುವ ಎತ್ತಿನ ಸ್ವಭಾವವು ಜಾತ್ರೆಯ ಬಯಲಿನಲ್ಲಿ ತಿಳಿಯುವುದಿಲ್ಲ. ಅದನ್ನು ಬಲ್ಲವನು ಮಾರುವವನೊಬ್ಬನೇ. ಅವನು ಅದನ್ನು ಹೇಳಬೇಕೇ, ಬೇಡವೇ? ಕೇಳಿದರೆ ಮಾತ್ರ ಹೇಳಬೇಕೇ, ಕೇಳದಿದ್ದರೂ ಹೇಳಬೇಕೇ? ವ್ಯಾಪಾರ ಹುಟ್ಟಿದಂದಿನಿಂದ ಈ ಪ್ರಶ್ನೆ ಇದೆ. ಎತ್ತಿನ ಸ್ಥಾನಕ್ಕೆ ಇಂದು ಹಳೆಯ ಕಾರು ಬಂದಿದೆ. ಪ್ರಶ್ನೆ ಮಾತ್ರ ಬದಲಾಗಿಲ್ಲ.

ಒಂದು ಪ್ರಸಂಗವನ್ನು ಉದಾಹರಣೆಯಾಗಿ ಇಡಬಹುದು. ಯಾವ ಊರಿನಲ್ಲಿಯೂ ನಡೆಯಬಹುದಾದ ಪ್ರಸಂಗವಾದ್ದರಿಂದ ಇಲ್ಲಿ ಹೆಸರುಗಳ ಅಗತ್ಯವಿಲ್ಲ. ಹಾಸನದ ಕಡೆಯ ಒಬ್ಬ ದಿನಸಿ ವರ್ತಕನು ಒಂಬತ್ತು ವರ್ಷ ಹಳೆಯದಾದ ಪೆಟ್ರೋಲ್ ಕಾರೊಂದನ್ನು 2,10,000 ರೂಪಾಯಿಗಳಿಗೆ ಕೊಂಡನು. ಮಾರಿದವರು ಒಬ್ಬ ನಿವೃತ್ತ ನೌಕರರು. ಅವರೂ ಅದನ್ನು ಇನ್ನೊಬ್ಬರಿಂದ ಕೊಂಡವರು. ಅಂದರೆ ವರ್ತಕನು ಆ ವಾಹನಕ್ಕೆ ಮೂರನೆಯ ಒಡೆಯ. ಊರಿನೊಳಗೆ ಓಡಿಸಿ ನೋಡಿದಾಗ ಇಂಜಿನ್ ಸದ್ದಿಲ್ಲದೆ ನಡೆಯಿತು, ಹೊಗೆ ಕಾಣಲಿಲ್ಲ, ಬಣ್ಣ ಚೆನ್ನಾಗಿತ್ತು. ಮೂರನೆಯ ವಾರದಲ್ಲಿ ಮುದಿ ತಾಯಿ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮೂಡುಬಿದಿರೆಗೆ ಹೊರಟನು. ಸಾವಿರ ಕಂಬದ ಬಸದಿಯ ದರ್ಶನವಾಯಿತು, ವೇಣೂರಿನ ಬಾಹುಬಲಿಯ ದರ್ಶನವಾಯಿತು. ಮರಳುವಾಗ ಉಜಿರೆಯ ಮೇಲಾಗಿ ಚಾರ್ಮಾಡಿ ಘಾಟಿಯನ್ನು ಹತ್ತತೊಡಗಿದರು. ಸೂರ್ಯಾಸ್ತಕ್ಕೆ ಮೊದಲು ಕೊಟ್ಟಿಗೆಹಾರವನ್ನು ತಲುಪಿ ಊಟ ಮುಗಿಸಬೇಕೆಂಬ ಆತುರವೂ ಇತ್ತು.

ಘಾಟಿಯ ಅರ್ಧ ದಾರಿಯಲ್ಲಿ ಉಷ್ಣಮಾಪಕದ ಮುಳ್ಳು ಮೇಲೇರಿ ಕೆಂಪು ಗೆರೆಯನ್ನು ಮುಟ್ಟಿತು. ಹಿಂದಿನಿಂದ ದಟ್ಟವಾದ ಬಿಳಿಯ ಹೊಗೆ ಹೊರಟಿತು. ತಿರುವಿನಲ್ಲಿಯೇ ಇಂಜಿನ್ ನಿಂತುಹೋಯಿತು. ಇಂಜಿನ್ ನಿಂತ ಕಾರಿನಲ್ಲಿ ಸ್ಟೀರಿಂಗ್ ಒಮ್ಮೆಲೇ ಭಾರವಾಗುತ್ತದೆ. ಬ್ರೇಕಿಗೆ ಇಂಜಿನ್ ಕೊಡುತ್ತಿದ್ದ ಸಹಾಯವೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ತೀರಿಹೋಗುತ್ತದೆ. ವರ್ತಕನು ಬಲವಾಗಿ ಬ್ರೇಕ್ ತುಳಿದು, ಕೈಬ್ರೇಕ್ ಎಳೆದು, ಚಕ್ರದ ಹಿಂದೆ ಕಲ್ಲಿಟ್ಟು, ಮನೆಯವರನ್ನೆಲ್ಲ ಇಳಿಸಿ ರಸ್ತೆಯ ಒಳಬದಿಗೆ ನಿಲ್ಲಿಸಿದನು. ಆಮೇಲೆ ಬಾನೆಟ್ ಎತ್ತಿ, ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ, ಕೆಳಗಿನಿಂದ ಬಂದ ಲಾರಿಯೊಂದು ನಿಂತಿತು. ಚಾಲಕನು ಕಿಟಕಿಯಿಂದಲೇ ಕೂಗಿದನು: “ಯಜಮಾನ್ರೇ, ಮುಚ್ಚಳ ತೆಗೀಬೇಡಿ! ನೀರು ಮುಖಕ್ಕೆ ಹಾರುತ್ತೆ. ಅರ್ಧ ಮುಕ್ಕಾಲು ಗಂಟೆ ಆರಲಿ.”

ಅವನ ಮಾತು ನಿಜವಾಗಿತ್ತು. ರೇಡಿಯೇಟರಿನೊಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾಗಿ ಒತ್ತಡ ಇಳಿದ ಕ್ಷಣದಲ್ಲಿಯೇ ಉಗಿಯಾಗಿ ಚಿಮ್ಮುತ್ತದೆ. ಚಾಲಕನು ಎರಡು ಬಾಟಲಿ ನೀರು ಕೊಟ್ಟು, ಮೂಡಿಗೆರೆಯ ಮೆಕ್ಯಾನಿಕ್ ಒಬ್ಬನಿಗೆ ಸುದ್ದಿ ಮುಟ್ಟಿಸುವೆನೆಂದು ಹೇಳಿ ಹೊರಟುಹೋದನು. ಅವನ ಹೆಸರನ್ನು ಯಾರೂ ಕೇಳಲಿಲ್ಲ. ಆ ರಾತ್ರಿ ಕುಟುಂಬದವರು ಮೂಡಿಗೆರೆ ಸೇರುವಾಗ ಒಂಬತ್ತು ಗಂಟೆಯಾಗಿತ್ತು. ಮಕ್ಕಳಿಗೆ ಹಾಲು ದೊರೆಯಿತು; ಹಿರಿಯರು ನಿಯಮದಂತೆ ಉಪವಾಸವಿದ್ದರು.

ಮರುದಿನ ಮೆಕ್ಯಾನಿಕ್ ಇಂಜಿನ್ನಿನ ತಲೆಭಾಗವನ್ನು ಬಿಚ್ಚಿದನು. ಪೆಟ್ರೋಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ, ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಉಳಿದದ್ದು ಹೊಗೆಯ ಮೂಲಕವೂ ತಂಪುಗೊಳಿಸುವ ನೀರಿನ ಮೂಲಕವೂ ಹೊರಹೋಗಬೇಕು. ಇಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಸಿಲಿಂಡರ್ ಹೆಡ್ಡಿಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳ್ಳನೆಯ ಪದರವಿರುತ್ತದೆ. ಬೆಂಕಿ, ಎಣ್ಣೆ, ನೀರು ಈ ಮೂರನ್ನೂ ಒಂದರೊಡನೊಂದು ಬೆರೆಯದಂತೆ ತಡೆಯುವುದು ಅದೇ. ಅದು ಸುಟ್ಟರೆ ಉರಿಯ ಅನಿಲ ನೀರಿಗೆ ನುಗ್ಗುತ್ತದೆ. ನೀರು ಸಿಲಿಂಡರಿಗೆ ಇಳಿದು ಬಿಳಿಯ ಹೊಗೆಯಾಗುತ್ತದೆ. ಎಣ್ಣೆಯೊಡನೆ ಸೇರಿದರೆ ಎಣ್ಣೆ ಮಜ್ಜಿಗೆಯಂತೆ ಬಿಳಿಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಹೆಡ್ ಅತಿಯಾಗಿ ಕಾದು ಬಾಗುತ್ತದೆ. ಇಲ್ಲಿ ಇವೆಲ್ಲವೂ ಆಗಿದ್ದವು. ರೇಡಿಯೇಟರಿನ ತಳದಲ್ಲಿ ಕಂದು ಬಣ್ಣದ ಗಸಿಯೂ ಇತ್ತು.

“ಯಜಮಾನ್ರೇ, ಇದು ನಿನ್ನೆಯ ರೋಗ ಅಲ್ಲ,” ಎಂದನು ಮೆಕ್ಯಾನಿಕ್. “ಹಿಂದೆ ಯಾರೋ ಸೋರಿಕೆ ಮುಚ್ಚೋ ಔಷಧಿ ಹುಯ್ದಿದ್ದಾರೆ. ಊರೊಳಗೆ ಓಡಾಡಿದ್ರೆ ನಾಲ್ಕು ತಿಂಗಳು ತಡೀತಿತ್ತು. ಘಾಟಿ ಹತ್ತಿದ್ರಲ್ಲ, ಬಾಯಿ ಬಿಟ್ಟಿತು.”

“ಎಷ್ಟಾಗುತ್ತಪ್ಪಾ?”

ಹೆಡ್ಡನ್ನು ಲೇತಿನಲ್ಲಿ ಸಮ ಮಾಡಿಸಬೇಕು, ಗ್ಯಾಸ್ಕೆಟ್ ಮತ್ತು ವಾಟರ್ ಪಂಪ್ ಹೊಸದಾಗಬೇಕು, ರೇಡಿಯೇಟರ್ ತೊಳೆಯಬೇಕು. ಎಳೆದು ತಂದ ಖರ್ಚೂ ಸೇರಿ 38,000 ರೂಪಾಯಿ ಎಂದು ಲೆಕ್ಕವಾಯಿತು. ಸುದ್ದಿ ತಿಳಿದು ಬಂದ ಭಾವಮೈದುನನು ವರ್ತಕನನ್ನು ಪಕ್ಕಕ್ಕೆ ಕರೆದು ಬೇರೊಂದು ಲೆಕ್ಕ ಹೇಳಿದನು. “ಭಾವ, ಅಷ್ಟು ದುಡ್ಡು ಯಾಕೆ ಸುರೀತೀರಿ? ಹೆಡ್ಡನ್ನ ಹಾಗೇ ಕೂರಿಸಿ, ಆ ಔಷಧಿಯನ್ನೇ ಇನ್ನೊಂದು ಸಲ ಹಾಕಿಸಿ. ಮೂರು ನಾಲ್ಕು ಸಾವಿರದಲ್ಲಿ ಮುಗಿಯುತ್ತೆ. ತಿಂಗಳೊಳಗೆ ಎರಡು ಲಕ್ಷಕ್ಕೆ ಮಾರಿಸಿಕೊಡ್ತೀನಿ. ನೀವು ಒಂದು ಸುಳ್ಳೂ ಹೇಳಬೇಕಾಗಿಲ್ಲ. ಯಾರಾದರೂ ಕೇಳಿದ್ರೆ ಬ್ರೋಕರ್ ಉತ್ತರ ಹೇಳ್ತಾನೆ.”

ಪ್ರಸಂಗದ ನಿಜವಾದ ಆರಂಭ ಇಲ್ಲಿಯೇ. ಇಂಜಿನ್ ಕೆಟ್ಟದ್ದು ಘಾಟಿಯಲ್ಲಿ. ಧರ್ಮಸಂಕಟ ಹುಟ್ಟಿದ್ದು ಗ್ಯಾರೇಜಿನಲ್ಲಿ. ಹಿಂದಿನ ದಿನದವರೆಗೆ ಆ ಮನುಷ್ಯನು ಮೋಸಹೋದವನು ಮಾತ್ರವಾಗಿದ್ದನು. ದೋಷವು ತಿಳಿದ ಕ್ಷಣದಿಂದ, ಮಾರಿದವನ ಕೈಯಲ್ಲಿ ಇದ್ದಿರಬಹುದಾದ ರಹಸ್ಯವೇ ಅವನ ಕೈಗೂ ಬಂದಿತು.

ಇಂತಹ ಸಂದರ್ಭದಲ್ಲಿ ನಾಲ್ಕು ಕಷಾಯಗಳೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊದಲು ಬರುವುದು ಕ್ರೋಧ. ಆ ನಿವೃತ್ತರ ಸೌಮ್ಯವಾದ ಮುಖ, ಕೊಟ್ಟ ಕಾಫಿ, ಆಡಿದ ಮಾತು ಎಲ್ಲವೂ ವಂಚನೆಯ ಸಾಧನಗಳಾಗಿ ನೆನಪಾಗುತ್ತವೆ. ಆದರೆ ಔಷಧಿಯನ್ನು ಹಾಕಿಸಿದವರು ಅವರೋ, ಅವರಿಗೆ ಮಾರಿದವರೋ ಎಂಬುದು ಗಸಿಯಿಂದ ತಿಳಿಯುವುದಿಲ್ಲ. ಪ್ರಮಾಣವಿಲ್ಲದೆ ಒಬ್ಬನನ್ನು ಕಳ್ಳನೆಂದು ಸಾರುವುದೂ ಅಸತ್ಯವೇ. ಎರಡನೆಯದು ಮಾನ. ಇಪ್ಪತ್ತು ವರ್ಷ ತಕ್ಕಡಿ ಹಿಡಿದವನು ಮೋಸಹೋದನೆಂದು ಪೇಟೆಯವರು ನಗುವರೆಂಬ ಸಂಕೋಚ. ಎಷ್ಟೋ ಸಲ ದೋಷವನ್ನು ಮುಚ್ಚುವಂತೆ ಪ್ರೇರೇಪಿಸುವುದು ಹಣದ ಆಸೆಗಿಂತಲೂ ಹೆಚ್ಚಾಗಿ ಈ ಸಂಕೋಚವೇ. ಮೂರನೆಯದು ಮಾಯೆ, ಭಾವಮೈದುನನ ಸಲಹೆಯ ರೂಪದಲ್ಲಿ ಬಂದದ್ದು ಅದು. ನಾಲ್ಕನೆಯದು ಲೋಭ. ಕೊಟ್ಟ ಹಣದಲ್ಲಿ ಒಂದು ಕಾಸೂ ಕಡಿಮೆಯಾಗದೆ ಮರಳಬೇಕೆಂಬ ಹಟವು, ನ್ಯಾಯವನ್ನು ಕೇಳುತ್ತಿರುವೆನೆಂಬ ವೇಷದಲ್ಲಿ ಬರುತ್ತದೆ. ಮೊದಲ ಮೂರನ್ನು ಗುರುತಿಸುವುದು ಸುಲಭ. ನಾಲ್ಕನೆಯದು ನ್ಯಾಯದ ಬಟ್ಟೆ ತೊಟ್ಟಿರುವುದರಿಂದ ಗುರುತಿಸುವುದು ಕಷ್ಟ.

ಭಾವಮೈದುನನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕಾನೂನು ಬಹುಮಟ್ಟಿಗೆ ಅವನ ಪಕ್ಷದಲ್ಲಿಯೇ ಇರುವಂತೆ ಮೇಲುನೋಟಕ್ಕೆ ತೋರುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣವು ವಂಚನೆಯೆಂದರೇನೆಂಬುದನ್ನು ವಿವರಿಸುತ್ತದೆ. ಕೊಳ್ಳುವವನ ಮನಸ್ಸನ್ನು ಬದಲಿಸಬಹುದಾದ ಸಂಗತಿಯ ಬಗ್ಗೆ ಬರಿಯ ಮೌನವು ವಂಚನೆಯಲ್ಲ. ಆದರೆ ಮಾತನಾಡುವ ಕರ್ತವ್ಯವಿದ್ದಾಗ, ಅಥವಾ ಮೌನವೇ ಮಾತಿಗೆ ಸಮವಾದಾಗ ಅದು ವಂಚನೆಯಾಗುತ್ತದೆ ಎಂಬುದು ಅದರ ಸಾರ. ಈ ನಿಯಮಕ್ಕೆ ಅಧಿನಿಯಮವು ಕೊಡುವ ದೃಷ್ಟಾಂತಗಳಲ್ಲಿ ಹೆಚ್ಚಿನವು ಕುದುರೆಯ ಮಾರಾಟಕ್ಕೆ ಸಂಬಂಧಿಸಿದವು. ಕುದುರೆಗೆ ದೋಷವಿದೆಯೆಂದು ಬಲ್ಲವನು ಅದನ್ನು ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಅವನ ಮಗಳೇ ಆಗಿದ್ದು, ಈಗತಾನೆ ಪ್ರಾಪ್ತ ವಯಸ್ಸಿಗೆ ಬಂದವಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ ಅವನು ಹೇಳತಕ್ಕದ್ದು. ಇನ್ನು, ‘ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದಾಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತೇ ಆಗುತ್ತದೆ.

ವಾಣಿಜ್ಯ ಓದಿದವರೆಲ್ಲ ಪರೀಕ್ಷೆಗಾಗಿ ಈ ದೃಷ್ಟಾಂತಗಳನ್ನು ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮಗಳ ದೃಷ್ಟಾಂತವನ್ನು ಇನ್ನೊಮ್ಮೆ ಓದಿ ನೋಡಬೇಕು. ಮಗಳಿಗೆ ಹೇಳಬೇಕಾದದ್ದು ಪರರಿಗೆ ಏಕೆ ಬೇಡ? ಕುದುರೆಯ ರೋಗವು ಎರಡೂ ಕಡೆ ಒಂದೇ. ಸವಾರಿ ಮಾಡುವವನ ಕಾಲು ಮುರಿಯುವುದೂ ಒಂದೇ ರೀತಿ. ಬದಲಾದದ್ದು ಮಾರುವವನ ಮಮತೆ ಮಾತ್ರ. ಕಾನೂನು ಸಂಬಂಧವನ್ನು ಅಳೆದು ಕರ್ತವ್ಯವನ್ನು ವಿಧಿಸುತ್ತದೆ, ಏಕೆಂದರೆ ಅದು ಎಲ್ಲರ ಮೇಲೆಯೂ ಬಲವಂತದಿಂದ ಹೇರಬಹುದಾದ ಕನಿಷ್ಠ ಮಿತಿ. ಶ್ರಾವಕನು ವ್ರತವನ್ನು ತಾನಾಗಿಯೇ ಸ್ವೀಕರಿಸಿದವನು. ಅವನ ಅಳತೆಗೋಲು ಕನಿಷ್ಠದ್ದಾಗಿರಲು ಸಾಧ್ಯವಿಲ್ಲ. ಕೊಳ್ಳಲು ಬಂದವರನ್ನೆಲ್ಲ ಮಗಳ ಸ್ಥಾನದಲ್ಲಿಟ್ಟು ನೋಡಬೇಕೆಂಬುದೇ ಅವನ ಅಳತೆ. ಕಾನೂನೇ ಸ್ಥಿರಾಸ್ತಿಯ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ, ಮಾರುವವನಿಗೆ ಮಾತ್ರ ತಿಳಿದಿರುವ ಮುಖ್ಯ ದೋಷವನ್ನು ಅವನು ತಿಳಿಸಲೇಬೇಕು. ಮನೆಗೆ ಸಲ್ಲುವ ನ್ಯಾಯ, ಮನೆಮಂದಿಯನ್ನೆಲ್ಲ ಹೊತ್ತು ಘಾಟಿ ಹತ್ತುವ ವಾಹನಕ್ಕೆ ಸಲ್ಲದೇ?

ಅಣುವ್ರತಗಳ ಅತಿಚಾರಗಳ ಪಟ್ಟಿಯನ್ನು ಓದಿದವರಿಗೆ, ಅದನ್ನು ರಚಿಸಿದವರು ಅಂಗಡಿಬೀದಿಯನ್ನು ಚೆನ್ನಾಗಿ ಬಲ್ಲವರೆಂಬುದು ಹೊಳೆಯದಿರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸವನ್ನೂ ಪ್ರತಿರೂಪಕ ವ್ಯವಹಾರವನ್ನೂ ಸೇರಿಸುತ್ತದೆ. ಕೀಳು ವಸ್ತುವಿಗೆ ಮೇಲು ವಸ್ತುವಿನ ರೂಪ ಕೊಟ್ಟು ಸಾಗಿಸುವುದೇ ಪ್ರತಿರೂಪಕ ವ್ಯವಹಾರ. ತುಪ್ಪಕ್ಕೆ ಕೊಬ್ಬು ಬೆರೆಸುವುದು ಅದಾದರೆ, ಸುಟ್ಟ ಗ್ಯಾಸ್ಕೆಟ್ಟಿಗೆ ಔಷಧಿ ಹುಯ್ದು ಗಟ್ಟಿ ಇಂಜಿನ್ನೆಂದು ದಾಟಿಸುವುದೂ ಅದೇ. ಇದನ್ನು ಸುಳ್ಳಿನ ಕೆಳಗೆ ಇಡದೆ ಕಳವಿನ ಕೆಳಗೆ ಇಟ್ಟಿರುವುದು ಗಮನಾರ್ಹ. ಕೊಳ್ಳುವವನ ಜೇಬಿನಿಂದ ಹೋಗುವ ಹಣ ನಿಜವಾದುದು. ಬದಲಿಗೆ ಬರುವ ಗುಣ ಇಲ್ಲದಿರುವುದು.

‘ನೀವು ಸುಳ್ಳು ಹೇಳಬೇಕಾಗಿಲ್ಲ, ಬ್ರೋಕರ್ ಹೇಳುತ್ತಾನೆ’ ಎಂಬ ಸಮಾಧಾನಕ್ಕೂ ಉತ್ತರವಿದೆ. ಕೃತ, ಕಾರಿತ, ಅನುಮೋದಿತ ಎಂದು ಕರ್ಮದ ಹೊಣೆ ಮೂರು ಬಗೆ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡುವವರನ್ನು ಒಪ್ಪಿ ಸುಮ್ಮನಿದ್ದದ್ದು. ಬ್ರೋಕರನ ಬಾಯಿಂದ ಬಂದ ಸುಳ್ಳಿಗೆ ಕಮಿಷನ್ ಕೊಡುವವನು ಕಾರಿತದ ಹೊಣೆಗಾರ. ಔಷಧಿ ಹುಯ್ದು ಸುಮ್ಮನಿರುವ ಮೆಕ್ಯಾನಿಕ್, ಲಾಭದಲ್ಲಿ ಪಾಲು ಪಡೆಯುವ ಬಂಧು ಇವರೂ ಹೊರಗಿನವರಲ್ಲ. ಇನ್ನೂ ಒಂದು ಮಾತು. ಹಿಂಸೆಯ ಮೂಲ ಪ್ರಮಾದವೆಂದು ಆಗಮ ಪರಂಪರೆ ಹೇಳುತ್ತದೆ. ತಿರುವಿನಲ್ಲಿ ನಿಲ್ಲಬಹುದಾದ ಇಂಜಿನ್ನೆಂದು ತಿಳಿದೂ ಅದರೊಳಗೆ ಪರರ ಮಕ್ಕಳನ್ನು ಕೂರಿಸಲು ಬಿಡುವುದು ಪ್ರಮಾದವನ್ನು ಮೀರಿದ್ದು. ಆದ್ದರಿಂದ ಇದು ಸತ್ಯವ್ರತಕ್ಕೆ ಸೀಮಿತವಾದ ವಿಷಯವಲ್ಲ; ಅಹಿಂಸೆಯ ವಿಷಯವೂ ಹೌದು.

ಆದರೂ ಮೂರು ಆಕ್ಷೇಪಣೆಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಮೊದಲನೆಯದು: ಕೊಳ್ಳುವವನು ನೋಡಿ ಕೊಳ್ಳಬೇಕು, ಕಣ್ಣು ತೆರೆದಿಡುವುದು ಅವನ ಕೆಲಸ. ಈ ವಾದ ಬಹಳ ಹಳೆಯದು. ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಬರೆದ ಕರ್ತವ್ಯವಿಚಾರದ ಗ್ರಂಥದಲ್ಲಿ, ಮನೆಯ ದೋಷವನ್ನು ತಾನೊಬ್ಬನೇ ಬಲ್ಲ ಮಾರಾಟಗಾರನ ಕುರಿತು ಡಯೋಜಿನೀಸ್ ಮತ್ತು ಆಂಟಿಪೇಟರ್ ಎಂಬ ಗುರುಶಿಷ್ಯರ ಭಿನ್ನಾಭಿಪ್ರಾಯವನ್ನು ಚರ್ಚಿಸಿದ್ದಾನೆ. ಕೊಳ್ಳಲು ಯಾರೂ ಬಲವಂತ ಮಾಡಿಲ್ಲವೆಂಬುದು ಗುರುವಿನ ಪಕ್ಷ. ತಿಳಿದೂ ಹೇಳದಿರುವುದು ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಕೆಟ್ಟದ್ದೆಂಬುದು ಶಿಷ್ಯನ ಪಕ್ಷ. ಸಿಸೆರೋ ಕಡೆಗೆ ಶಿಷ್ಯನತ್ತ ವಾಲುತ್ತಾನೆ. ಚಾರ್ಮಾಡಿಯ ಲಾರಿ ಚಾಲಕನು ಈ ಗ್ರಂಥವನ್ನು ಓದಿದವನಲ್ಲ. ‘ಇವನಿಗೂ ಕಣ್ಣಿದೆ, ಮುಚ್ಚಳ ಬಿಸಿಯೆಂದು ತಾನೇ ತಿಳಿದುಕೊಳ್ಳಲಿ’ ಎಂದು ಅವನು ಯೋಚಿಸಲಿಲ್ಲ. ಯಾವ ಕರಾರೂ ಇಲ್ಲದ, ಯಾವ ಲಾಭವೂ ಇಲ್ಲದ ಅಪರಿಚಿತನು ಕಾಣದ ಅಪಾಯವನ್ನು ಕೂಗಿ ಹೇಳಿದನು. ಹಣ ಎಣಿಸಿಕೊಂಡವನ ಹೊಣೆ ಅವನಿಗಿಂತ ಕಡಿಮೆಯೆಂದು ಹೇಗೆ ಹೇಳುವುದು?

ಎರಡನೆಯ ಆಕ್ಷೇಪಣೆ: ಎಲ್ಲರೂ ಹೀಗೆಯೇ ಮಾಡುತ್ತಾರೆ, ಹಳೆಯ ಕಾರಿನ ಬೆಲೆಯಲ್ಲಿಯೇ ಅನುಮಾನದ ಲೆಕ್ಕವೂ ಸೇರಿದೆ. ಇದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ ಹಳೆಯ ಕಾರುಗಳ ಪೇಟೆಯೇ. ಆ ದೇಶದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ಲೆಮನ್’, ಅಂದರೆ ನಿಂಬೆ, ಎನ್ನುತ್ತಾರೆ. ಯಾವುದು ಗಟ್ಟಿ, ಯಾವುದು ನಿಂಬೆ ಎಂದು ಕೊಳ್ಳುವವನಿಗೆ ತಿಳಿಯದಿದ್ದಾಗ ಅವನು ಎಲ್ಲಕ್ಕೂ ನಡುಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನು ಮಾರಲು ಒಪ್ಪುವುದಿಲ್ಲ. ಒಳ್ಳೆಯವು ಪೇಟೆಯಿಂದ ಹಿಂದೆ ಸರಿದಂತೆ ಉಳಿದವುಗಳ ಗುಣ ಇಳಿಯುತ್ತದೆ. ಬೆಲೆ ಮತ್ತೆ ಇಳಿಯುತ್ತದೆ. ಕೊನೆಗೆ ಪೇಟೆಯೇ ಕುಸಿಯಬಹುದು. ಈ ದಾರಿಯ ವಿಚಾರಕ್ಕಾಗಿ 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ವರ್ತಕರು ಇದರಿಂದ ಅರಿಯಬೇಕಾದದ್ದಿಷ್ಟು: ಮೌನದ ದಂಡವನ್ನು ತೆರುವವನು ಮೋಸಹೋದವನೊಬ್ಬನೇ ಅಲ್ಲ. ವಾಹನವನ್ನು ಮಗುವಿನಂತೆ ನೋಡಿಕೊಂಡ ಪ್ರಾಮಾಣಿಕನೂ ತೆರುತ್ತಾನೆ. ಅವನ ಮಾತನ್ನು ನಂಬುವವರಿಲ್ಲ. ಎಲ್ಲರೂ ಮಾಡುವುದರಿಂದ ತಪ್ಪು ಹಗುರವಾಗುವುದಿಲ್ಲ, ಎಲ್ಲರ ಮೇಲೂ ಹರಡುತ್ತದೆ.

ಮೂರನೆಯ ಆಕ್ಷೇಪಣೆಯೇ ಕಠಿಣವಾದದ್ದು: ಮೋಸಹೋದವನೂ ಗೃಹಸ್ಥನೇ ತಾನೆ? ಮಕ್ಕಳ ಶುಲ್ಕ, ಅಂಗಡಿಯ ಸಾಲ ಅವನಿಗೂ ಇವೆ. ಪರರ ತಪ್ಪಿನ ನಷ್ಟವನ್ನು ಅವನೇಕೆ ಹೊರಬೇಕು? ಹೊರಬೇಕಾದದ್ದು ನ್ಯಾಯವಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಅವನ ಮುಂದಿರುವ ಆಯ್ಕೆಯು ನಷ್ಟಕ್ಕೂ ನ್ಯಾಯಕ್ಕೂ ನಡುವಣದ್ದಲ್ಲ. ಮಾರಿದವನಿಂದ ಪರಿಹಾರ ಕೇಳುವುದು ನ್ಯಾಯದ ದಾರಿ. ಅದು ಸಂಪೂರ್ಣವಾಗಿ ತೆರೆದೇ ಇದೆ. ಮೂರನೆಯವನೊಬ್ಬನಿಗೆ ದಾಟಿಸುವುದು ನ್ಯಾಯವನ್ನು ಪಡೆಯುವುದಲ್ಲ. ಅಪರಾಧಿಯಲ್ಲದವನಿಗೆ ದಂಡ ಹಾಕುವುದು. ಲೆಕ್ಕ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಪುಸ್ತಕದಿಂದ ಅಳಿಸಿದ ನಷ್ಟವು ಇಲ್ಲವಾಗುವುದಿಲ್ಲ; ಇನ್ನೊಬ್ಬರ ಕಿರ್ದಿಯಲ್ಲಿ, ಅವರಿಗೆ ತಿಳಿಯದಂತೆಯೇ, ಖರ್ಚು ಬೀಳುತ್ತದೆ. ಅವರೂ ಅದನ್ನು ಮುಂದಕ್ಕೆ ಸಾಗಿಸುತ್ತಾರೆ. ಯಾರಾದರೊಬ್ಬರು ‘ಇದು ನನ್ನಲ್ಲಿಗೆ ನಿಲ್ಲಲಿ’ ಎಂದು ತಮ್ಮ ಖಾತೆಗೆ ಬರೆದುಕೊಳ್ಳುವವರೆಗೆ ಅದು ನಿಲ್ಲುವುದಿಲ್ಲ.

ವರ್ತಕನ ಮನೆಯಲ್ಲಿ ಈ ವಾದಗಳಾವುವೂ ನಡೆಯಲಿಲ್ಲ. ಭಾವಮೈದುನನ ಸಲಹೆಯನ್ನು ಅವನು ಸಂಜೆ ತಾಯಿಯ ಮುಂದೆ ಇಟ್ಟನು. ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅದನ್ನ ಕೊಂಡೋರ ಮನೇಲೂ ನನ್ನಂಥ ಮುದುಕಿ ಒಬ್ಬಳು ಇರ್ತಾಳಲ್ಲಪ್ಪಾ? ಅವಳೂ ಹಸ್ಕೊಂಡು ಘಾಟೀಲಿ ಕೂತ್ಕೋಬೇಕಾ?” ಅವನು ಉತ್ತರ ಹೇಳಲಿಲ್ಲ. ಮರುದಿನ ಪೂರ್ತಿ ದುರಸ್ತಿಗೆ ಹೇಳಿ ಬಂದನು.

ಆ ಮೇಲೆ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಯನ್ನು ಹಿಡಿದು ಮಾರಿದವರ ಮನೆಗೆ ಹೋದನು. ದನಿ ಏರಿಸಲಿಲ್ಲ. ಆದದ್ದನ್ನು ಹೇಳಿ, ಅವರಿಗೆ ತಿಳಿದಿತ್ತೇ ಎಂದು ಕೇಳಿದನು. ನಿವೃತ್ತರು ಬಹಳ ಹೊತ್ತು ನೆಲ ನೋಡುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಒಮ್ಮೆ ಇಂಜಿನ್ ಕಾದಿತ್ತೆಂದೂ, ಮೆಕ್ಯಾನಿಕ್ ಏನೋ ಹುಯ್ದನೆಂದೂ, ಏನೆಂದು ತಾವು ಕೇಳಲಿಲ್ಲವೆಂದೂ ಹೇಳಿದರು. “ಕೇಳಬಾರದು ಅಂತಲೇ ಕೇಳಲಿಲ್ಲವೋ ಏನೋ,” ಎಂದು ತಾವೇ ಸೇರಿಸಿದರು. ಅವರು ತಿಳಿದು ಮೋಸ ಮಾಡಿದರೆಂದೂ ಹೇಳುವಂತಿಲ್ಲ, ನಿರ್ದೋಷಿಗಳೆಂದೂ ಹೇಳುವಂತಿಲ್ಲ. ತಿಳಿಯದಂತೆ ಎಚ್ಚರ ವಹಿಸುವ ಈ ಅಜ್ಞಾನವೇ ಇಂದಿನ ವ್ಯವಹಾರದಲ್ಲಿ ಅತಿ ಸಾಮಾನ್ಯವಾದ ದೋಷ. ಅರ್ಧ ಖರ್ಚನ್ನು ಕೇಳಿದ್ದಕ್ಕೆ ಅವರು ಎರಡು ಕಂತುಗಳಲ್ಲಿ 10,000 ರೂಪಾಯಿ ಕೊಟ್ಟರು. ಮೊಕದ್ದಮೆಯ ದಾರಿ ಇತ್ತು. ನ್ಯಾಯಕ್ಕಾಗಿ ನ್ಯಾಯಾಲಯಕ್ಕೆ ಹೋಗುವುದು ಗೃಹಸ್ಥನಿಗೆ ನಿಷಿದ್ಧವೂ ಅಲ್ಲ. ಪುರಾವೆ ದುರ್ಬಲವೆಂದೂ ಆ ಮನುಷ್ಯನ ಪಶ್ಚಾತ್ತಾಪ ನಿಜವೆಂದೂ ತೋರಿದ್ದರಿಂದ ಅವನು ಅಲ್ಲಿಗೆ ನಿಲ್ಲಿಸಿದನು. ಉಳಿದ 28,000 ರೂಪಾಯಿಗಳನ್ನು ಖಾತೆಯಲ್ಲಿ ವಾಹನ ದುರಸ್ತಿಯೆಂದು ಬರೆದನು.

ಎರಡು ವರ್ಷಗಳ ಮೇಲೆ ಆ ಕಾರನ್ನು ಮಾರುವಾಗ, ದುರಸ್ತಿಯ ಬಿಲ್ಲುಗಳನ್ನೆಲ್ಲ ಆರ್.ಸಿ. ಪುಸ್ತಕದ ಜೊತೆಗೆ ಕೊಳ್ಳುವವನ ಕೈಗಿತ್ತನು. ಹೆಡ್ ಬಿಚ್ಚಿದ ಇಂಜಿನ್ನೆಂದು ತಿಳಿದ ಕೊಳ್ಳುವವನು ಕೂಡಲೇ 15,000 ರೂಪಾಯಿ ಕಡಿಮೆ ಮಾಡಿಸಿಕೊಂಡನು. ಸತ್ಯಕ್ಕೆ ಕೂಡಲೇ ಬಹುಮಾನ ದೊರೆಯಿತೆಂದು ಮುಗಿಸಲು ಇಲ್ಲಿ ಅವಕಾಶವಿಲ್ಲ. ದೊರೆಯಲಿಲ್ಲ. ನ್ಯಾಯದಿಂದ ಗಳಿಸಿದ ಧನವನ್ನು ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಗೃಹಸ್ಥನ ಗುಣಗಳಲ್ಲಿ ಮೊದಲನೆಯದಾಗಿ ಎಣಿಸಿವೆ. ಅದು ಸುಲಭವಾಗಿದ್ದರೆ ಮೊದಲು ಹೇಳುವ ಅಗತ್ಯವಿರಲಿಲ್ಲ.

ಈ ವಿಚಾರ ಬಸದಿಗಳ ಟ್ರಸ್ಟುಗಳಿಗೂ ಅನ್ವಯಿಸುತ್ತದೆ. ಟ್ರಸ್ಟಿನ ಹಳೆಯ ವ್ಯಾನನ್ನೋ ಜನರೇಟರನ್ನೋ ಮಾರುವಾಗ, ‘ಇದು ದೇವರ ಹಣ, ಹೆಚ್ಚು ಬೆಲೆ ತರುವುದು ನಮ್ಮ ಕರ್ತವ್ಯ’ ಎಂಬ ಮಾತು ಸಭೆಯಲ್ಲಿ ಬರುವುದು ಸಹಜ. ಸ್ವಂತಕ್ಕೆ ಮಾಡಲು ಹಿಂಜರಿಯುವ ಕೆಲಸವನ್ನು ಸಂಸ್ಥೆಗಾಗಿ ಧೈರ್ಯದಿಂದ ಮಾಡುವವರಿದ್ದಾರೆ. ಮರೆಮಾಚಿದ ದೋಷದಿಂದ ಬಂದ ಹಣವು ಬಸದಿಯ ಹುಂಡಿಗೆ ಬಿದ್ದರೂ ಅದರ ಮೂಲ ಬದಲಾಗುವುದಿಲ್ಲ. ಹರಾಜಿನ ಪ್ರಕಟಣೆಯಲ್ಲಿ ತಿಳಿದಿರುವ ದೋಷಗಳನ್ನು ಒಂದೊಂದಾಗಿ ಬರೆದು, ಬೇಕಾದ ಮೆಕ್ಯಾನಿಕ್‌ನನ್ನು ಕರೆತಂದು ನೋಡಲು ಅವಕಾಶವಿತ್ತರೆ ಸಾಕು.

ಕೊಳ್ಳುವವನಿಗೂ ಕರ್ತವ್ಯವಿದೆ. ಇಂಜಿನ್ ತಣ್ಣಗಿರುವಾಗಲೇ ಹೋಗಿ ಪ್ರಾರಂಭಿಸಿ ನೋಡಬೇಕು. ಮೊದಲೇ ಕಾಯಿಸಿಟ್ಟ ಇಂಜಿನ್ ಎಷ್ಟೋ ದೋಷಗಳನ್ನು ಮುಚ್ಚಿಡುತ್ತದೆ. ಎಣ್ಣೆಯ ಮುಚ್ಚಳ ತೆಗೆದು ಬಿಳಿಯ ಕೆನೆಯಿದೆಯೇ ಎಂದು ನೋಡಬೇಕು. ನೀಲಿ ಹೊಗೆ ಎಣ್ಣೆ ಉರಿಯುವುದರ ಗುರುತು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ನೀರು ಒಳಹೋಗುವುದರ ಗುರುತು. ಅರ್ಧ ಗಂಟೆಯಾದರೂ ಏರುದಾರಿಯಲ್ಲಿ ಓಡಿಸಬೇಕು. ಎಲ್ಲಕ್ಕೂ ಮಿಗಿಲಾಗಿ ಬಾಯಿಬಿಟ್ಟು ಕೇಳಬೇಕು: ‘ಇದರ ಬಗ್ಗೆ ನಿಮಗೆ ತಿಳಿದಿರುವ ತೊಂದರೆ ಏನು?’ ಈ ಪ್ರಶ್ನೆಯು ಮಾರುವವನಿಗೆ ಮಾಡುವ ಅವಮಾನವಲ್ಲ. ಸತ್ಯ ಹೇಳಬೇಕೆಂದಿದ್ದೂ ಬಾಯಿ ಬಾರದೆ ಕುಳಿತವನಿಗೆ ಅದು ಮಾಡುವ ಉಪಕಾರ.

ಪರ್ವದ ಕೊನೆಯಲ್ಲಿ ಶ್ರಾವಕರು ಪರಸ್ಪರ ಕ್ಷಮೆ ಕೇಳುತ್ತಾರೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸಿರೆಂದು ಕೈಮುಗಿಯುತ್ತಾರೆ. ಮಾರಿದ ವಸ್ತುವಿನೊಳಗೆ ದೋಷವನ್ನು ಇಟ್ಟು ಕಳಿಸಿದವನು ಯಾರಲ್ಲಿ ಕ್ಷಮೆ ಕೇಳಬೇಕು? ಕೊಂಡವನು ಯಾವ ಘಾಟಿಯಲ್ಲಿ, ಯಾವ ಕತ್ತಲೆಯಲ್ಲಿ ನಿಂತಿದ್ದಾನೆಂಬುದು ಅವನಿಗೆ ತಿಳಿಯದು. ಹಣ ಎಣಿಸಿಕೊಳ್ಳುವ ಮೊದಲೇ, ಎದುರಿಗಿರುವಾಗಲೇ ಹೇಳಿಬಿಟ್ಟರೆ ಆ ಕ್ಷಮೆಯನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.